ಒಳ್ಳೆಯ ಮನುಷ್ಯ, ಒಳ್ಳೆಯ ನಾಗರಿಕ: ಎರಡೂ ಒಂದೇನಾ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಪೌರನೀತಿ ಪಾಠ ಬಂದಾಗಲೆಲ್ಲ ಅಥೆನ್ಸ್, ರೋಮ್‌ಗಳ ಉದಾಹರಣೆ ಕೊಡುತ್ತೇನೆ. ಅಲ್ಲಿನ ಜನ ಮನೆಗೆಲಸಕ್ಕಿಂತ ಊರ ಕೆಲಸ ದೊಡ್ಡದು ಅಂತ ಬದುಕಿದರು ಎನ್ನುತ್ತೇನೆ. ಸಿನ್ಸಿನಾಟಸ್ ಎಂಬ ರೈತ ನೇಗಿಲು ಬಿಟ್ಟು ಬಂದು ರೋಮನ್ನು ಉಳಿಸಿ, ಅಧಿಕಾರ ಒಪ್ಪಿಸಿ ಮತ್ತೆ ನೇಗಿಲು ಹಿಡಿದ ಕತೆ ಮಕ್ಕಳಿಗೆ ಬಹಳ ಇಷ್ಟ. ಈ ಸಲ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅವರ ಹತ್ರ ಗುಲಾಮರಿದ್ರಲ್ವಾ? ಹೆಂಗಸರು ಸಭೆಗೆ ಹೋಗೋ ಹಾಗಿರಲಿಲ್ಲ ಅಲ್ವಾ? ಮತ್ತೆ ಅದೆಂಥ ಸದ್ಗುಣ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ನನಗೇ ಅನುಮಾನ ಶುರುವಾಯಿತು. ಅಷ್ಟು ಒಳ್ಳೆಯ ನಾಗರಿಕರಿದ್ದ ಊರು ಸಾಕ್ರಟೀಸನಿಗೆ ವಿಷ ಕೊಟ್ಟಿದ್ದು ಹೇಗೆ? ರೋಮ್ ಗಣರಾಜ್ಯ ಬಿದ್ದದ್ದು ಜನರ ನೀತಿ ಕೆಟ್ಟದ್ದರಿಂದಲೇನಾ? "ಒಳ್ಳೆಯವರು ರಾಜಕೀಯದಿಂದ ದೂರ ಉಳಿದರೆ ಕೆಟ್ಟವರ ಆಳ್ವಿಕೆಯೇ ಅವರಿಗೆ ಶಿಕ್ಷೆ" ಅಂತ ಪ್ಲೇಟೋ ಹೇಳಿದನೆಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದು ನಿಜವಾ? ಕೊನೆಗೆ, ಒಳ್ಳೆಯ ಮನುಷ್ಯ ಮತ್ತು ಒಳ್ಳೆಯ ನಾಗರಿಕ ಎರಡೂ ಒಂದೇನಾ? ಮಕ್ಕಳಿಗೆ ಏನಂತ ಹೇಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಅಳುಕು ಒಂದೇ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ಬರೀ ಬಣ್ಣದ ಕತೆಯಾ ಎಂಬ ಅಳುಕು. ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುವ ನಾನು ಹೇಳುವುದಿಷ್ಟು: ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಕತೆ. ಬಿಟ್ಟುಹೋದ ಅರ್ಧವೇ ಮಕ್ಕಳಿಗೆ ಜಾಸ್ತಿ ಉಪಯೋಗಕ್ಕೆ ಬರುವಂಥದ್ದು.

ಗ್ರೀಕರಾಗಲಿ ರೋಮನ್ನರಾಗಲಿ ನಮಗಿಂತ ಒಳ್ಳೆಯವರೇನೂ ಆಗಿರಲಿಲ್ಲ. ಮನುಷ್ಯ ಸೋಮಾರಿ, ದುಡ್ಡು ಕಂಡರೆ ಕೈ ಚಾಚುವವನು, ಹೊಗಳಿಕೆಗೆ ಬೀಳುವವನು ಅನ್ನುವುದು ಅಥೆನ್ಸಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಸದ್ಗುಣವನ್ನು ಅವರವರ ಮನಸ್ಸಿಗೆ ಬಿಡಲಿಲ್ಲ. ಊರಿನ ಕಟ್ಟುಪಾಡಿನೊಳಗೆ ಸೇರಿಸಿದರು. ನಮ್ಮ ಪಾಠಗಳಲ್ಲಿ ವೀರರ ಕತೆ ಉಳಿದಿದೆ, ಕಟ್ಟುಪಾಡು ಬಿಟ್ಟುಹೋಗಿದೆ.

ಮೊದಲು ಸಿನ್ಸಿನಾಟಸ್‌ನಿಂದಲೇ ಶುರು ಮಾಡೋಣ. ಕ್ರಿ.ಪೂ. 458ರಲ್ಲಿ ರೋಮಿನ ಸೈನ್ಯವೊಂದನ್ನು ಈಕ್ವಿ ಎಂಬ ಗುಡ್ಡಗಾಡಿನ ಜನ ಸುತ್ತುವರಿದರು. ಆಪತ್ತಿನ ಕಾಲಕ್ಕೆ ಆರು ತಿಂಗಳ ಸರ್ವಾಧಿಕಾರಿಯನ್ನು ನೇಮಿಸುವ ಪದ್ಧತಿ ಅಲ್ಲಿತ್ತು. ಕರೆಯಲು ಹೋದವರಿಗೆ ಇವನು ಟೈಬರ್ ನದಿಯ ಆಚೆ, ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆಯಷ್ಟು ಹೊಲದಲ್ಲಿ ಕೆಲಸ ಮಾಡುತ್ತ ಸಿಕ್ಕಿದ. ಹೆಂಡತಿ ರಸಿಲಿಯಾ ಗುಡಿಸಲಿನಿಂದ ಟೋಗಾ (ರೋಮನ್ ನಾಗರಿಕರು ಹೊದೆಯುವ ಬಟ್ಟೆ) ತಂದುಕೊಟ್ಟಳು. ಬೆವರು, ಧೂಳು ಒರೆಸಿಕೊಂಡು ಹೊದ್ದುಕೊಂಡು ಹೊರಟ. ಯುದ್ಧ ಗೆದ್ದು ಹದಿನಾರನೇ ದಿನ ಅಧಿಕಾರ ಬಿಟ್ಟ.

ಇಷ್ಟನ್ನೂ ಹೇಳುವವನು ರೋಮಿನ ಇತಿಹಾಸಕಾರ ಲಿವಿ. ಅವನು ಬರೆದದ್ದು ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ, ಘಟನೆ ನಡೆದು 400 ವರ್ಷಕ್ಕೂ ಜಾಸ್ತಿ ಕಳೆದ ಮೇಲೆ. ಹಾಗಾಗಿ ಇದನ್ನು ರೋಮನ್ನರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಕತೆ ಅಂತಲೇ ಓದಬೇಕು. ಆದರೆ ಅದೇ ಲಿವಿಯ ಹಿಂದಿನ ಮುಂದಿನ ಪುಟ ತಿರುವಿದರೆ ಬೇರೆ ಸಂಗತಿಗಳೂ ಸಿಗುತ್ತವೆ. ಸಿನ್ಸಿನಾಟಸ್ ಬಡ ರೈತನಾಗಿ ಹುಟ್ಟಿದವನಲ್ಲ. ಮೇಲ್ವರ್ಗದ ಮನೆತನದವನು, ಅದಾಗಲೇ ಕಾನ್ಸಲ್ (ವರ್ಷಕ್ಕೊಮ್ಮೆ ಆರಿಸುವ ಅತ್ಯುನ್ನತ ಅಧಿಕಾರಿ) ಆಗಿದ್ದವನು. ಅವನ ಮಗ ಸೀಸೊ ಸಾಮಾನ್ಯ ಜನರ ವಿರುದ್ಧ ದೊಂಬಿ ಮಾಡಿ ಮೊಕದ್ದಮೆಗೆ ಸಿಕ್ಕಿಬಿದ್ದ, ಜಾಮೀನಿನ ಮೇಲೆ ಹೊರಬಂದು ಊರು ಬಿಟ್ಟು ಓಡಿದ. ಜಾಮೀನಿನ ಹಣವನ್ನು ಅಪ್ಪನಿಂದ ವಸೂಲು ಮಾಡಿದರು. ಆಸ್ತಿ ಮಾರಿ ಅವನು ಆ ತುಂಡು ಹೊಲ ಸೇರಿದ್ದು ಹಾಗೆ. ಕಾನೂನುಗಳನ್ನು ಬರೆದಿಡಿ ಅಂತ ಸಾಮಾನ್ಯ ಜನ ಹೋರಾಡುತ್ತಿದ್ದಾಗ ಅದಕ್ಕೆ ಅಡ್ಡ ನಿಂತವರಲ್ಲಿ ಇವನೂ ಒಬ್ಬ. ಹದಿನಾರು ದಿನವಾದರೂ ಯಾಕೆ ಬೇಕಾಯಿತು? ಮಗನ ವಿರುದ್ಧ ಸಾಕ್ಷಿ ಹೇಳಿದವನ ಮೇಲಿನ ಕೇಸು ಮುಗಿಯಲಿ ಅಂತ ಕಾದಿದ್ದ. ಇಲ್ಲದಿದ್ದರೆ ಇನ್ನೂ ಬೇಗ ಬಿಡುತ್ತಿದ್ದ ಎನ್ನುತ್ತಾನೆ ಲಿವಿ.

ಇದರಿಂದ ಅವನು ಸಣ್ಣವನಾದ ಅಂತ ನನಗೆ ಅನ್ನಿಸುವುದಿಲ್ಲ. ಆರು ತಿಂಗಳ ಪೂರ್ಣ ಅಧಿಕಾರವನ್ನು ಎರಡು ವಾರಕ್ಕೆ ಬಿಟ್ಟುಕೊಡುವುದು ಇವತ್ತಿಗೂ ದೊಡ್ಡ ವಿಷಯವೇ. ಆದರೆ ಒಂದೇ ಮನುಷ್ಯನಲ್ಲಿ ಊರಿನ ಮೇಲಿನ ನಿಷ್ಠೆ, ಮಗನ ಮೇಲಿನ ಸಂಕಟ, ಸ್ವಂತ ವರ್ಗದ ಪಕ್ಷಪಾತ ಮೂರೂ ಇದ್ದವು. ಮಕ್ಕಳಿಗೆ ಮೂರನ್ನೂ ಹೇಳಿ.

ಈಗ ಅಥೆನ್ಸಿಗೆ ಬರೋಣ. ಅಲ್ಲಿನ ಜನ ಸಭೆಗೆ ಓಡೋಡಿ ಹೋಗುತ್ತಿದ್ದರು ಅನ್ನುವುದು ದೊಡ್ಡ ಮಿಥ್ಯೆ. ಕ್ರಿ.ಪೂ. 425ರಲ್ಲಿ ಅರಿಸ್ಟೊಫೇನೀಸ್ ಬರೆದ ಒಂದು ಹಾಸ್ಯ ನಾಟಕ ಶುರುವಾಗುವುದೇ ಖಾಲಿ ಸಭಾಸ್ಥಳದಲ್ಲಿ. ಬೆಳಗಿನ ಜಾವ. ಪಿನಿಕ್ಸ್ ಗುಡ್ಡದ ಮೇಲೆ ರೈತನೊಬ್ಬ ಒಂಟಿಯಾಗಿ ಕೂತು ಆಕಳಿಸುತ್ತಿದ್ದಾನೆ. ಉಳಿದವರೆಲ್ಲ ಕೆಳಗೆ ಪೇಟೆಯಲ್ಲಿ ಹರಟೆ ಹೊಡೆಯುತ್ತ, ಕೆಂಪು ಹಗ್ಗದಿಂದ ತಪ್ಪಿಸಿಕೊಳ್ಳಲು ಅತ್ತಿತ್ತ ಸರಿಯುತ್ತಿದ್ದಾರೆ. ಆ ಹಗ್ಗಕ್ಕೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಅದನ್ನು ಹಿಡಿದು ಪೇಟೆಯ ಜನರನ್ನು ಸಭೆಯ ಕಡೆ ತಳ್ಳುತ್ತಿದ್ದರು. ಬಟ್ಟೆಗೆ ಬಣ್ಣ ತಾಗಿದರೆ ತಡ ಮಾಡಿದವನು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಮುಂದೆ, ಕ್ರಿ.ಪೂ. 390ರ ದಶಕದಲ್ಲಿ, ಸಭೆಗೆ ಬಂದವರಿಗೆ ದುಡ್ಡು ಕೊಡುವುದನ್ನೂ ಶುರು ಮಾಡಿದರು. ನ್ಯಾಯಾಲಯದಲ್ಲಿ ತೀರ್ಪುಗಾರರಾಗಿ ಕೂರುವವರಿಗೆ ಅಥೆನ್ಸಿನ ಪ್ರಮುಖ ನಾಯಕ ಪೆರಿಕ್ಲಿಸ್‌ನ ಕಾಲದಿಂದಲೇ ದಿನಕ್ಕೆ ಎರಡು ಓಬೋಲ್ (ಸಣ್ಣ ಬೆಳ್ಳಿ ನಾಣ್ಯ), ಆಮೇಲೆ ಮೂರು ಸಿಗುತ್ತಿತ್ತು. "ಊರ ಕೆಲಸಕ್ಕೆ ಬಾರದವನನ್ನು ನಾವು ಶಾಂತ ಸ್ವಭಾವದವನು ಅನ್ನುವುದಿಲ್ಲ, ನಿಷ್ಪ್ರಯೋಜಕ ಅನ್ನುತ್ತೇವೆ" ಎಂಬ ಪೆರಿಕ್ಲಿಸ್‌ನ ಮಾತು ಎಲ್ಲರಿಗೂ ಗೊತ್ತು. ಅದೇ ಪೆರಿಕ್ಲಿಸ್‌ಗೆ, ಕೂಲಿ ಬಿಟ್ಟು ಬರುವವನಿಗೆ ಅಂದಿನ ಊಟದ ದುಡ್ಡು ಸಿಗಬೇಕು ಅನ್ನುವುದೂ ಗೊತ್ತಿತ್ತು. ಮಾತು ಮತ್ತು ದುಡ್ಡು ಎರಡನ್ನೂ ಜೊತೆಗೆ ಪಾಠ ಮಾಡಬೇಕು.

ಇನ್ನು ಅಧಿಕಾರ ಹಂಚುವ ಕ್ರಮ. ನಿತ್ಯದ ಆಡಳಿತ ನೋಡುವ ಐನೂರು ಜನರ ಮಂಡಳಿಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಜೀವಮಾನದಲ್ಲಿ ಎರಡೇ ಸಲ ಅದರಲ್ಲಿ ಕೂರಬಹುದಿತ್ತು. ಹಾಗಾಗಿ ಬಹಳಷ್ಟು ಸಾಮಾನ್ಯ ನಾಗರಿಕರಿಗೆ ಒಂದು ವರ್ಷವಾದರೂ ಸರದಿ ಬರಲೇಬೇಕಿತ್ತು. ಆ ಮಂಡಳಿಗೆ ಪ್ರತಿದಿನ ಒಬ್ಬ ಅಧ್ಯಕ್ಷ, ಅವನೂ ಚೀಟಿಯಲ್ಲೇ ಬಂದವನು. ಒಂದು ಹಗಲು, ಒಂದು ರಾತ್ರಿ ಖಜಾನೆಯ ಬೀಗದ ಕೈ ಮತ್ತು ಊರಿನ ಮುದ್ರೆ ಅವನ ಕೈಯಲ್ಲಿ. ಮರುದಿನ ಬೇರೊಬ್ಬ. ಒಮ್ಮೆ ಆದವನು ಮತ್ತೆ ಆಗುವಂತಿಲ್ಲ. ಇವತ್ತು ಬೀಗದ ಕೈ ಹಿಡಿದವನಿಗೆ ನಾಳೆ ತಾನು ಕೆಳಗೆ ಕೂರುತ್ತೇನೆ ಅನ್ನುವುದು ಗೊತ್ತಿರುತ್ತಿತ್ತು. ಆಳುವುದು, ಆಳಿಸಿಕೊಳ್ಳುವುದು ಎರಡನ್ನೂ ಸರದಿಯಂತೆ ಬಲ್ಲವನೇ ನಾಗರಿಕ ಅಂತ ಅರಿಸ್ಟಾಟಲ್ ಹೇಳಿದ್ದು ಇಂಥ ಬದುಕನ್ನು ಕಣ್ಣಾರೆ ಕಂಡು.

ನನಗೆ ತುಂಬ ಇಷ್ಟವಾದ ಭಾಗ ಇನ್ನೊಂದಿದೆ. ಚೀಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಧಿಕಾರ ಸಿಗುತ್ತಿರಲಿಲ್ಲ. ಮೊದಲು ವಿಚಾರಣೆ. ಆರ್ಕನ್, ಅಂದರೆ ಒಂದು ವರ್ಷದ ಉನ್ನತ ಅಧಿಕಾರಿ, ಆಗಬೇಕಾದವನಿಗೆ ಕೇಳುತ್ತಿದ್ದ ಪ್ರಶ್ನೆಗಳು ಅರಿಸ್ಟಾಟಲ್ ಅಥವಾ ಅವನ ಶಿಷ್ಯರು ಬರೆದ ಅಥೆನ್ಸಿನ ಆಡಳಿತದ ವಿವರದಲ್ಲಿ ಹಾಗೇ ಸಿಗುತ್ತವೆ. ನಿನ್ನ ಅಪ್ಪ ಯಾರು, ಯಾವ ಊರಿನವನು? ಅಮ್ಮನ ಅಪ್ಪ ಯಾರು? ನಿಮ್ಮ ಮನೆದೇವರ ಗುಡಿ ಎಲ್ಲಿದೆ? ನಿಮ್ಮವರ ಸಮಾಧಿಗಳು ಎಲ್ಲಿವೆ? ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ? ತೆರಿಗೆ ಕಟ್ಟಿದ್ದೀಯಾ? ಯುದ್ಧಕ್ಕೆ ಹೋಗಿದ್ದೀಯಾ? ಉತ್ತರಕ್ಕೆಲ್ಲ ಸಾಕ್ಷಿ ಕರೆಸುತ್ತಿದ್ದರು. ಆಮೇಲೆ ಸಭೆಯತ್ತ ತಿರುಗಿ, ಇವನ ಮೇಲೆ ದೂರು ಹೇಳುವವರು ಯಾರಾದರೂ ಇದ್ದಾರಾ ಅಂತ ಕೇಳುತ್ತಿದ್ದರು. ಓದು ಎಷ್ಟು, ಆಡಳಿತ ಗೊತ್ತಾ ಅಂತ ಒಂದು ಪ್ರಶ್ನೆಯೂ ಇಲ್ಲ ನೋಡಿ. ಮನೆಯಲ್ಲಿ, ಊರಲ್ಲಿ ಹೇಗಿದ್ದೀಯ ಅನ್ನುವುದೇ ಅರ್ಹತೆ.

ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸುವ ತನಕ ಊರು ಬಿಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ಆಸ್ತಿಯನ್ನು ದೇವರಿಗೆ ಬಿಡುವಂತೆಯೂ ಇಲ್ಲ. ಕೈಗೆ ಒಂದು ಕಾಸೂ ಬಾರದ ಹುದ್ದೆಯಾದರೆ? ಆಗಲೂ "ಊರಿನ ದುಡ್ಡು ಪಡೆದಿಲ್ಲ, ಖರ್ಚೂ ಮಾಡಿಲ್ಲ" ಅಂತ ಬರೆದುಕೊಡಲೇಬೇಕು. ಪೂಜಾರಿಗಳಿಗೂ ಬಿಡುವಿರಲಿಲ್ಲ. ನ್ಯಾಯದ ಕೆಲಸ ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ, ಸದ್ಗುಣ ರೂಢಿಯಿಂದ ಬರುತ್ತದೆ ಅನ್ನುವುದು ಅರಿಸ್ಟಾಟಲ್‌ನ ನೀತಿಶಾಸ್ತ್ರದ ಬುಡ. ಅಥೆನ್ಸಿನ ಈ ಕಟ್ಟಲೆಗಳ ಪಕ್ಕದಲ್ಲಿಟ್ಟು ಓದಿದರೆ ಆ ಮಾತಿಗೆ ಮೈ ಬರುತ್ತದೆ.

ಇಲ್ಲಿಗೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬರುತ್ತದೆ. ಅವಳು ಹೇಳಿದ್ದು ಪೂರ್ತಿ ಸರಿ, ಅದನ್ನು ಮೆತ್ತಗೆ ಮಾಡಬೇಡಿ. ನಿಸಿಯಾಸ್ ಅಂತ ಒಬ್ಬ ಸೇನಾಪತಿ ಇದ್ದ. ದೈವಭಕ್ತ, ಊರಿಗೆ ಧಾರಾಳವಾಗಿ ಖರ್ಚು ಮಾಡಿದವನು. ಕ್ರಿ.ಪೂ. 413ರಲ್ಲಿ ಸಿಸಿಲಿಯಲ್ಲಿ ಅವನು ಸತ್ತದ್ದನ್ನು ಹೇಳುವಾಗ ಇತಿಹಾಸಕಾರ ಥುಸಿಡಿಡೀಸ್, ಬದುಕನ್ನೆಲ್ಲ ಸದ್ಗುಣಕ್ಕೆ ಮುಡಿಪಾಗಿಟ್ಟ ಇವನಿಗೆ ಇಂಥ ಸಾವು ಬರಬಾರದಿತ್ತು ಎನ್ನುತ್ತಾನೆ. ಅಥೆನ್ಸಿನ ಇನ್ನೊಬ್ಬ ಲೇಖಕ ಝೆನೋಫನ್ ಬೇರೊಂದು ಕಡೆ ಇದೇ ನಿಸಿಯಾಸ್‌ನ ಆದಾಯದ ವಿವರ ಕೊಡುತ್ತಾನೆ. ಬೆಳ್ಳಿ ಗಣಿಗಳಿಗೆ ಸಾವಿರ ಗುಲಾಮರನ್ನು ಬಾಡಿಗೆಗೆ ಬಿಟ್ಟಿದ್ದ. ತಲೆಗೆ ದಿನಕ್ಕೆ ಒಂದು ಓಬೋಲ್. ಸತ್ತವರ ಬದಲಿಗೆ ಬೇರೆಯವರನ್ನು ಹಾಕಿ ಲೆಕ್ಕ ಸರಿಯಾಗಿ ಸಾವಿರವೇ ಇರುವಂತೆ ನೋಡಿಕೊಳ್ಳುವುದು ಬಾಡಿಗೆ ಪಡೆದವನ ಹೊಣೆ. ಸದ್ಗುಣದ ಹೊಗಳಿಕೆ ಮತ್ತು ಈ ಬಾಡಿಗೆ ಕರಾರು ಎರಡೂ ಒಬ್ಬನೇ ಮನುಷ್ಯನದ್ದು. ಆ ಕಾಲದ ಯಾರಿಗೂ ಇದರಲ್ಲಿ ವಿರೋಧ ಕಾಣಲಿಲ್ಲವಾ? ಕೆಲವರಿಗೆ ಕಂಡಿತ್ತು. ದೇವರು ಎಲ್ಲರನ್ನೂ ಸ್ವತಂತ್ರರಾಗಿ ಬಿಟ್ಟಿದ್ದಾನೆ, ಪ್ರಕೃತಿ ಯಾರನ್ನೂ ಗುಲಾಮರಾಗಿ ಮಾಡಿಲ್ಲ ಅಂತ ಅಲ್ಸಿಡಮಸ್ ಎಂಬ ಭಾಷಣಕಾರ ಕ್ರಿ.ಪೂ. ನಾಲ್ಕನೇ ಶತಮಾನದಲ್ಲೇ ಹೇಳಿದ್ದ. ಗುಲಾಮಗಿರಿ ಪ್ರಕೃತಿಗೆ ವಿರುದ್ಧ ಎನ್ನುವವರಿದ್ದಾರೆ ಅಂತ ಅರಿಸ್ಟಾಟಲ್ ತಾನೇ ಬರೆಯುತ್ತಾನೆ. ಬರೆದು, ಕೆಲವರು ಹುಟ್ಟಿನಿಂದಲೇ ಗುಲಾಮರಾಗತಕ್ಕವರು ಅಂತ ವಾದಿಸುತ್ತಾನೆ. ಅವನ ಚಿಂತನೆಯಲ್ಲಿ ಇದು ಕ್ಷಮಿಸಲಾಗದ ಭಾಗ. "ಆ ಕಾಲ ಹಾಗಿತ್ತು" ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬೇರೆ ವಾದ ಕಣ್ಣೆದುರಿಗಿತ್ತು, ಅವನು ಒಪ್ಪಲಿಲ್ಲ.

ಹೆಂಗಸರ ಮಾತೂ ಹಾಗೇ. ಕ್ರಿ.ಪೂ. 451ರ ಪೆರಿಕ್ಲಿಸ್‌ನ ಕಾನೂನಿನ ಪ್ರಕಾರ ನಾಗರಿಕನಾಗಲು ಅಪ್ಪನ ಜೊತೆ ಅಮ್ಮನೂ ಅಥೆನ್ಸಿನವಳೇ ಆಗಿರಬೇಕಿತ್ತು. ಅಮ್ಮನಿಂದ ನಾಗರಿಕತ್ವ ಬರುತ್ತದೆ, ಆದರೆ ಅಮ್ಮನಿಗೆ ಮತ ಇಲ್ಲ. ಬೇರೆ ಊರಿಂದ ಬಂದು ನೆಲೆಸಿದವರಿಗೂ ಅಷ್ಟೇ. ತೆರಿಗೆ ಕಟ್ಟಬೇಕು, ಯುದ್ಧಕ್ಕೆ ಹೋಗಬೇಕು, ಸಭೆಯಲ್ಲಿ ಮಾತಾಡುವಂತಿಲ್ಲ. ನಾಗರಿಕ ಅಂದರೆ ಯಾರು ಅಂತ ಅಷ್ಟು ಚೆನ್ನಾಗಿ ವಿವರಿಸಿದ ಅರಿಸ್ಟಾಟಲ್ ಹುಟ್ಟಿದ್ದು ಸ್ಟಜೀರಾದಲ್ಲಿ. ಅಥೆನ್ಸಿನಲ್ಲಿ ಅವನೂ ಪರಊರಿನವನೇ, ಅವನಿಗೂ ಅಲ್ಲಿ ಮತವಿರಲಿಲ್ಲ.

ಹಾಗಿದ್ದರೆ ಅವರ ಸದ್ಗುಣ ಸುಳ್ಳಾ? ನನ್ನ ಅಭಿಪ್ರಾಯದಲ್ಲಿ ಸುಳ್ಳಲ್ಲ, ಅದಕ್ಕೆ ಬೇಲಿ ಇತ್ತು. ಬೇಲಿಯೊಳಗಿನವರು ಒಬ್ಬರನ್ನೊಬ್ಬರು ಲೆಕ್ಕ ಕೇಳಬಹುದಿತ್ತು. ಹೊರಗಿನವರು ಯಾರನ್ನೂ ಕೇಳುವಂತಿರಲಿಲ್ಲ. ಲೆಕ್ಕ ಕೇಳುವವರಿಲ್ಲದ ಕಡೆ ಅಷ್ಟು ಒಳ್ಳೆಯ ನಿಸಿಯಾಸ್‌ಗೂ ಒಳ್ಳೆಯತನ ನೆನಪಾಗಲಿಲ್ಲ.

ಸಾಕ್ರಟೀಸನ ಪ್ರಶ್ನೆ ಇದಕ್ಕಿಂತ ಕಷ್ಟದ್ದು, ಯಾಕೆಂದರೆ ಅವನು ಬೇಲಿಯ ಒಳಗಿನವನು. ಅವನು ಊರ ಗೊಡವೆ ಬೇಡ ಅಂತ ತತ್ವ ಹೇಳಿಕೊಂಡು ಕೂತವನು ಎಂಬ ಚಿತ್ರ ಸರಿಯಲ್ಲ. ಮೂರು ದಂಡಯಾತ್ರೆಗಳಲ್ಲಿ ಅಥೆನ್ಸಿನ ಸೈನಿಕನಾಗಿ ಕಾದಾಡಿದ್ದ. ಕ್ರಿ.ಪೂ. 406ರಲ್ಲಿ ಐನೂರು ಜನರ ಮಂಡಳಿಯಲ್ಲಿದ್ದ. ಆ ವರ್ಷ ಆರ್ಜಿನೂಸಿ ಎಂಬಲ್ಲಿ ನೌಕಾಯುದ್ಧ ಗೆದ್ದ ಸೇನಾಪತಿಗಳು, ಬಿರುಗಾಳಿಯ ಕಾರಣ ನೀರಿಗೆ ಬಿದ್ದ ತಮ್ಮವರನ್ನು ಎತ್ತಿಕೊಂಡು ಬರಲಿಲ್ಲ. ಜನ ಕೆರಳಿದರು. ಎಲ್ಲರಿಗೂ ಒಟ್ಟಿಗೇ ಒಂದೇ ಮತದಲ್ಲಿ ಮರಣದಂಡನೆ ಅಂತ ಪಟ್ಟು ಹಿಡಿದರು. ಅದು ಕಾನೂನಿಗೆ ವಿರುದ್ಧವಾಗಿತ್ತು. ಅಂದು ಸಭೆ ನಡೆಸುವ ತಂಡದಲ್ಲಿ ಸಾಕ್ರಟೀಸನೂ ಇದ್ದ. ಉಳಿದವರು ಬೆದರಿ ಒಪ್ಪಿದರು, ಅವನೊಬ್ಬ ಒಪ್ಪಲಿಲ್ಲ. ಆದರೂ ಮತ ನಡೆಯಿತು. ಊರಿನಲ್ಲಿದ್ದ ಆರು ಸೇನಾಪತಿಗಳನ್ನು ಕೊಂದರು. ಆಮೇಲೆ ಜನ ಪಶ್ಚಾತ್ತಾಪಪಟ್ಟರು ಅಂತ ಝೆನೋಫನ್ ಬರೆಯುತ್ತಾನೆ.

ಎರಡು ವರ್ಷದ ಮೇಲೆ ಪ್ರಜಾಪ್ರಭುತ್ವ ಬಿದ್ದು ಮೂವತ್ತು ಜನರ ಗುಂಪೊಂದು ಅಧಿಕಾರ ಹಿಡಿಯಿತು. ಸಲಾಮಿಸ್‌ನಿಂದ ಲಿಯೊನ್ ಎಂಬವನನ್ನು ಕೊಲ್ಲಲು ಹಿಡಿದು ತನ್ನಿ ಅಂತ ಐವರಿಗೆ ಆಜ್ಞೆಯಾಯಿತು. ನಾಲ್ವರು ಹೋದರು. ಐದನೆಯವನಾದ ಸಾಕ್ರಟೀಸ್ ನೆಟ್ಟಗೆ ಮನೆಗೆ ಹೋದ. ಲಿಯೊನ್‌ಗೆ ಸುದ್ದಿ ಮುಟ್ಟಿಸಬಹುದಿತ್ತಲ್ಲ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತಪ್ಪು ಮಾಡದೆ ಉಳಿಯುವುದು ಒಂದು, ತಪ್ಪನ್ನು ತಡೆಯುವುದು ಇನ್ನೊಂದು. ಸಾಕ್ರಟೀಸ್ ಮೊದಲನೆಯದರಲ್ಲಿ ಗಟ್ಟಿಗ.

ಅಂದರೆ ಪ್ರಜಾಪ್ರಭುತ್ವವಿದ್ದಾಗಲೂ ಇಲ್ಲದಾಗಲೂ ಒಳ್ಳೆಯ ಮನುಷ್ಯ ಊರಿನ ಮಾತಿಗೆ ಇಲ್ಲ ಅನ್ನಬೇಕಾಗಿ ಬಂತು. ನಿಮ್ಮ ಮುಖ್ಯ ಪ್ರಶ್ನೆಗೆ ಅರಿಸ್ಟಾಟಲ್‌ನ ಉತ್ತರ ಇಲ್ಲೇ ಇದೆ. ರಾಜಕೀಯದ ಬಗ್ಗೆ ಅವನು ಬರೆದ ಗ್ರಂಥದ ಮೂರನೇ ಭಾಗದಲ್ಲಿ ನೇರವಾಗಿ ಹೇಳುತ್ತಾನೆ: ಎರಡೂ ಒಂದೇ ಅಲ್ಲ. ಒಳ್ಳೆಯ ನಾಗರಿಕ ಅಂದರೆ ಆ ಊರಿನ ವ್ಯವಸ್ಥೆಯನ್ನು ಉಳಿಸುವವನು. ವ್ಯವಸ್ಥೆ ಬದಲಾದರೆ ಒಳ್ಳೆಯ ನಾಗರಿಕನ ಲಕ್ಷಣವೂ ಬದಲಾಗುತ್ತದೆ. ಒಳ್ಳೆಯ ಮನುಷ್ಯನ ಲಕ್ಷಣ ಬದಲಾಗುವುದಿಲ್ಲ. ತುಂಬ ಒಳ್ಳೆಯ ವ್ಯವಸ್ಥೆಯಲ್ಲಿ ಮಾತ್ರ, ಅದೂ ಆಳುವ ಜಾಗದಲ್ಲಿರುವವನಲ್ಲಿ, ಎರಡೂ ಸೇರುತ್ತವೆ. ಇದಕ್ಕೆ ಅವನದೇ ಒಂದು ಉದಾಹರಣೆ ಮುಂದೆ ಬರುತ್ತದೆ. ಕೆಲವು ಊರುಗಳಲ್ಲಿ ಸಿರಿವಂತರ ಗುಂಪು ಆಳುತ್ತಿತ್ತು. ಅವರು ತೊಡುತ್ತಿದ್ದ ಪ್ರತಿಜ್ಞೆ ಹೀಗಿತ್ತು: "ಸಾಮಾನ್ಯ ಜನರಿಗೆ ನಾನು ಶತ್ರುವಾಗಿರುತ್ತೇನೆ, ಅವರಿಗೆ ಎಷ್ಟು ಕೇಡು ಮಾಡಬಹುದೋ ಅಷ್ಟನ್ನೂ ಯೋಚಿಸುತ್ತೇನೆ." ಆ ಊರಿನ ಲೆಕ್ಕದಲ್ಲಿ ಅದನ್ನು ಪಾಲಿಸಿದವನೇ ಕರ್ತವ್ಯನಿಷ್ಠ. ಕರ್ತವ್ಯ ಎಂಬ ಮಾತು ಬಂದಾಗಲೆಲ್ಲ ಯಾರಿಗೆ, ಯಾವ ವ್ಯವಸ್ಥೆಗೆ ಅಂತ ಕೇಳಲು ಮಕ್ಕಳಿಗೆ ಕಲಿಸಿ. ಪೌರನೀತಿಯಲ್ಲಿ ಇದಕ್ಕಿಂತ ಮುಖ್ಯ ಪಾಠ ನನಗೆ ಗೊತ್ತಿಲ್ಲ.

ವಾಟ್ಸಾಪಿನ ಪ್ಲೇಟೋ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ತಿರುಚಿದ್ದು. ಅವನ ಆದರ್ಶ ರಾಜ್ಯದ ಗ್ರಂಥದ ಮೊದಲ ಭಾಗದಲ್ಲಿ ಸಾಕ್ರಟೀಸ್ ಹೀಗೆ ಹೇಳುತ್ತಾನೆ: ಒಳ್ಳೆಯವರು ದುಡ್ಡಿಗಾಗಿ, ಗೌರವಕ್ಕಾಗಿ ಆಳಲು ಬರುವುದಿಲ್ಲ. ಒತ್ತಾಯವೇ ಬೇಕು. ತಾನು ಆಳಲು ಒಪ್ಪದಿದ್ದರೆ ತನಗಿಂತ ಕೀಳಾದವನ ಕೈಕೆಳಗೆ ಇರಬೇಕಾಗುತ್ತದಲ್ಲ, ಅದೇ ಅವರಿಗೆ ದೊಡ್ಡ ಶಿಕ್ಷೆ. ಇದು ಅಧಿಕಾರ ವಹಿಸಿಕೊಳ್ಳುವುದರ ಮಾತು. ಎಲ್ಲರೂ ಬಂದು ಮತ ಹಾಕಿ ಅನ್ನುವ ಕರೆ ಅಲ್ಲ. ಎಲ್ಲರೂ ಆಳ್ವಿಕೆಯಲ್ಲಿ ಭಾಗವಹಿಸುವುದು ಪ್ಲೇಟೋಗೆ ಬೇಕಾಗಿಯೇ ಇರಲಿಲ್ಲ. ಅವನ ಆದರ್ಶ ಊರಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ನೋಡಿಕೊಳ್ಳುವುದೇ ನ್ಯಾಯ. ಚುನಾವಣೆಯ ಜಾಹೀರಾತಿಗೆ ಅವನ ಹೆಸರು ಸುಮ್ನೆ ಬಳಸುತ್ತಿದ್ದಾರೆ.

ಇನ್ನು ರೋಮ್. ಅಲ್ಲಿನ ಸದ್ಗುಣಕ್ಕೆ ಆಧಾರ ಬೇರೆಯೇ. ಕ್ರಿ.ಪೂ. 167ರಲ್ಲಿ ಒತ್ತೆಯಾಳಾಗಿ ರೋಮಿಗೆ ಬಂದ ಪಾಲಿಬಿಯಸ್ ಎಂಬ ಗ್ರೀಕ ಅಲ್ಲಿನ ದೊಡ್ಡ ಮನುಷ್ಯರ ಶವಸಂಸ್ಕಾರವನ್ನು ವಿವರಿಸುತ್ತಾನೆ. ಶವವನ್ನು ಪೇಟೆಯ ಭಾಷಣ ವೇದಿಕೆಗೆ ಹೊತ್ತು ತರುತ್ತಾರೆ, ಎಷ್ಟೋ ಸಲ ಎಲ್ಲರಿಗೂ 

ಕಾಣುವಂತೆ ನೆಟ್ಟಗೆ ನಿಲ್ಲಿಸುತ್ತಾರೆ. ಆ ಮನೆತನದ ಸತ್ತ ಹಿರಿಯರ ಮುಖವಾಡಗಳು ಮನೆಯಲ್ಲಿರುತ್ತವೆ. ಅವರಂಥದೇ ಮೈಕಟ್ಟಿನವರು ಆ ಮುಖವಾಡ ಹಾಕಿಕೊಂಡು, ಅವರವರ ಹುದ್ದೆಯ ಟೋಗಾ ಹೊದ್ದು, ದಂತದ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಾರೆ. ಮಗ ಎದ್ದು ನಿಂತು ಅಪ್ಪನ ಸಾಧನೆ, ಆಮೇಲೆ ಒಬ್ಬೊಬ್ಬ ಹಿರಿಯನ ಸಾಧನೆ ಹೇಳುತ್ತಾನೆ. ನೋಡುತ್ತ ನಿಂತ ಹುಡುಗರಿಗೆ ತಾನೂ ಹೀಗಾಗಬೇಕು ಅನ್ನಿಸದೆ ಇರುತ್ತದಾ ಅಂತ ಕೇಳುತ್ತಾನೆ ಪಾಲಿಬಿಯಸ್. ಮುಂದೆ ಇನ್ನೊಂದು ಮಾತು ಹೇಳುತ್ತಾನೆ. ಗ್ರೀಕ ಅಧಿಕಾರಿಯ ಕೈಗೆ ಒಂದು ಟ್ಯಾಲೆಂಟ್ ಹಣ ಕೊಟ್ಟು, ಹತ್ತು ಜನ ಲೆಕ್ಕಿಗರು, ಹತ್ತು ಮುದ್ರೆ, ಇಪ್ಪತ್ತು ಸಾಕ್ಷಿ ಇಟ್ಟರೂ ಅವನು ನೆಟ್ಟಗಿರುವುದಿಲ್ಲ. ರೋಮನ್ ಅಧಿಕಾರಿ ದೊಡ್ಡ ಮೊತ್ತವನ್ನೂ ಬರೀ ಆಣೆಯ ಮೇಲೆ ಪ್ರಾಮಾಣಿಕವಾಗಿ ನೋಡಿಕೊಳ್ಳುತ್ತಾನೆ.

ಆ ಕಾಲದಲ್ಲೇ, ಕ್ರಿ.ಪೂ. 149ರಲ್ಲಿ, ಪ್ರಾಂತ್ಯಗಳಲ್ಲಿ ಸುಲಿಗೆ ಮಾಡುವ ಅಧಿಕಾರಿಗಳ ವಿಚಾರಣೆಗೆಂದೇ ರೋಮ್ ಒಂದು ನ್ಯಾಯಾಲಯ ತೆರೆಯಬೇಕಾಯಿತು. ಹಿರಿಯರ ಮುಖವಾಡದ ಮುಂದೆ ನಾಚಿಕೆಪಡುವ ಮನುಷ್ಯನಿಗೆ ಸಿಸಿಲಿಯ ರೈತನ ಮುಂದೆ ನಾಚಿಕೆಯಾಗಲಿಲ್ಲ. ಕ್ರಿ.ಪೂ. 73ರಿಂದ 71ರವರೆಗೆ ಸಿಸಿಲಿಯನ್ನು ಆಳಿದ ವೆರ್ರೆಸ್ ಗುಡಿಗಳ ವಿಗ್ರಹಗಳನ್ನೂ ಬಿಡದೆ ದೋಚಿದ. ವಾಗ್ಮಿ, ವಕೀಲ ಸಿಸೆರೊ ಅವನ ಮೇಲೆ ಮೊಕದ್ದಮೆ ನಡೆಸಿ ಊರು ಬಿಟ್ಟು ಓಡುವಂತೆ ಮಾಡಿದ. ಆದರೆ ಎಲ್ಲ ಪ್ರಾಂತ್ಯಕ್ಕೂ ಒಬ್ಬೊಬ್ಬ ಸಿಸೆರೊ ಎಲ್ಲಿಂದ ಬರಬೇಕು?

ಗಣರಾಜ್ಯ ಬಿದ್ದದ್ದು ನೀತಿ ಕೆಟ್ಟು, ಸುಖಲೋಲುಪತೆ ಹೆಚ್ಚಾಗಿ ಅಂತ ಹೇಳಿದವನು ರೋಮಿನ ಇತಿಹಾಸಕಾರ ಸಲ್ಲಸ್ಟ್. ಕ್ರಿ.ಪೂ. 146ರಲ್ಲಿ ರೋಮಿನ ಎದುರಾಳಿ ನಗರ ಕಾರ್ತೇಜ್ ನಾಶವಾಗಿ ಶತ್ರುವಿನ ಭಯ ಹೋದ ಮೇಲೆ ದುರಾಸೆ ಬಂತು ಎನ್ನುತ್ತಾನೆ. ಈ ವಿವರಣೆ ಬಹಳ ಜನಪ್ರಿಯ, ನನಗೆ ಅಷ್ಟು ಒಪ್ಪಿಗೆಯಾಗದು. ಕ್ರಿ.ಪೂ. 88ರಲ್ಲಿ ಸುಲ್ಲ ಎಂಬ ಸೇನಾಪತಿ ತನ್ನದೇ ಊರಾದ ರೋಮ್ ಮೇಲೆ ಸೈನ್ಯ ತಂದ. ಒಬ್ಬನನ್ನು ಬಿಟ್ಟು ಅವನ ಕೈಕೆಳಗಿನ ಸೇನಾಧಿಕಾರಿಗಳೆಲ್ಲ, ಇದು ನಮ್ಮಿಂದಾಗದು ಅಂತ ಬಿಟ್ಟುಹೋದರು. ಸದ್ಗುಣ ಇತ್ತು ಅಂದ ಹಾಗಾಯಿತಲ್ಲ. ಆದರೆ ಸೈನಿಕರು ಅವನ ಹಿಂದೆ ನಡೆದರು. ಪೂರ್ವದ ಯುದ್ಧದಲ್ಲಿ ಸಿಗಬೇಕಾದ ಲೂಟಿ ಬೇರೆ ಸೈನ್ಯದ ಪಾಲಾದೀತು ಎಂಬ ಭಯ ಅವರಿಗೆ. ಸೈನಿಕನ ಮುಂದಿನ ಬದುಕು ಗಣರಾಜ್ಯದ ಕೈಯಲ್ಲಿರಲಿಲ್ಲ, ಸೇನಾಪತಿಯ ಕೈಯಲ್ಲಿತ್ತು. ಅಲ್ಲಿ ಮುರಿದದ್ದು ಕಟ್ಟುಪಾಡು. ಜನರ ನೀತಿಯನ್ನು ಬೈಯುವುದು ಸುಲಭ, ಅದಕ್ಕೇ ಆ ವಿವರಣೆ ಇಷ್ಟು ಕಾಲ ಉಳಿದಿದೆ.

ಊರು ಒಂದು ಕಡೆ, ಮನಸ್ಸಾಕ್ಷಿ ಒಂದು ಕಡೆ ಎಳೆದಾಗ ಆ ಕಾಲದವರು ಹಿಡಿದ ದಾರಿಗಳನ್ನೂ ಅವುಗಳ ಅಪಾಯವನ್ನೂ ಹೇಳುತ್ತೇನೆ. ನಿಮ್ಮ ತರಗತಿಯ ಚರ್ಚೆಗೆ ಇದು ಒದಗುತ್ತದೆ.

ಒಂದು, ಸಭೆಗೆ ಹೋಗಿ ಕೈ ಎತ್ತುವ ದಾರಿ. ಇದರ ಅಪಾಯ ಗುಂಪಿನ ಸಿಟ್ಟು. ಕ್ರಿ.ಪೂ. 427ರಲ್ಲಿ ಅಥೆನ್ಸಿನ ಸಭೆ, ದಂಗೆಯೆದ್ದ ಮಿಟಿಲಿನಿ ಊರಿನ ಗಂಡಸರನ್ನೆಲ್ಲ ಕೊಲ್ಲಬೇಕು ಅಂತ ತೀರ್ಮಾನಿಸಿ ಹಡಗು ಕಳಿಸಿತು. ಮರುದಿನ ಮನಸ್ಸು ಕರಗಿ ಮತ್ತೆ ಸಭೆ ಸೇರಿ ತೀರ್ಮಾನ ಬದಲಿಸಿತು. ಎರಡನೇ ಹಡಗಿನವರು ದ್ರಾಕ್ಷಾರಸ, ಎಣ್ಣೆಯಲ್ಲಿ ಕಲಸಿದ ಜವೆ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದು, ಸರದಿಯಲ್ಲಿ ಮಲಗಿ, ಕೊಲೆ ಶುರುವಾಗುವ ಮೊದಲು ಹೇಗೋ ತಲುಪಿದರು. ಆದರೆ ದಂಗೆಯ ಮುಖಂಡರನ್ನು ಕೊಂದೇ ಕೊಂದರು. ಹನ್ನೊಂದು ವರ್ಷದ ಮೇಲೆ ಮೆಲೋಸ್ ದ್ವೀಪದ ಗಂಡಸರನ್ನು ಕೊಲ್ಲಲು ತೀರ್ಮಾನಿಸಿದಾಗ ಅಂಥ ಎರಡನೇ ಹಡಗು ಹೊರಡಲಿಲ್ಲ.

ಎರಡು, ದೂರ ಉಳಿಯುವ ದಾರಿ. ತತ್ವಜ್ಞಾನಿ ಎಪಿಕ್ಯುರಸ್ ಸದ್ದಿಲ್ಲದೆ ಬದುಕು ಎಂದ. ಇದನ್ನು ಹೇಡಿತನ ಅಂತ ತಳ್ಳಿಹಾಕಬೇಡಿ. ಅಥೆನ್ಸಿನ ಅವನ ತೋಟದ ಶಾಲೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗವಿತ್ತು, ಊರಿನ ಸಭೆಯಲ್ಲಿ ಅದು ಇರಲಿಲ್ಲ. ಸಿಸೆರೊನ ಆಪ್ತ ಗೆಳೆಯ ಅಟ್ಟಿಕಸ್ ಈ ದಾರಿ ಹಿಡಿದ. ಅಂತರ್ಯುದ್ಧದ ಕಾಲದಲ್ಲಿ ಎರಡೂ ಕಡೆಯ ಕಷ್ಟದಲ್ಲಿದ್ದವರಿಗೆ ನೆರವಾದ, ತುಂಬು ಆಯಸ್ಸು ಬದುಕಿದ. ಆದರೆ ಎಲ್ಲರೂ ಅಟ್ಟಿಕಸ್ ಆದರೆ ಊರು ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಗೆ ಆ ಶಾಲೆಯವರಲ್ಲಿ ಒಳ್ಳೆಯ ಉತ್ತರವಿಲ್ಲ.

ಮೂರು, ಸಿಸೆರೊನ ದಾರಿ. ಕ್ರಿ.ಪೂ. 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗೆ ಅವನು ಕರ್ತವ್ಯದ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಅನ್ಯಾಯ ಎರಡು ಬಗೆ ಎನ್ನುತ್ತಾನೆ ಅದರಲ್ಲಿ. ತಾನೇ ಮಾಡುವುದು ಒಂದು, ತಡೆಯಲು ಶಕ್ತಿಯಿದ್ದೂ ತಡೆಯದಿರುವುದು ಇನ್ನೊಂದು. ಬರೆಯುವ ಹೊತ್ತಿಗೇ ಅವನು ಅಧಿಕಾರದಲ್ಲಿದ್ದ ಸೇನಾನಾಯಕ ಆಂಟನಿಯನ್ನು ಎದುರು ಹಾಕಿಕೊಂಡಿದ್ದ. ಮರುವರ್ಷ ಡಿಸೆಂಬರ್ 7ರಂದು ಅವನನ್ನು ಕೊಂದು, ತಲೆ ಮತ್ತು ಕೈಯನ್ನು ಅವನೇ ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆ ಇಟ್ಟರು. ಈ ದಾರಿಗೆ ಜೀವಭಯಕ್ಕಿಂತ ಸೂಕ್ಷ್ಮವಾದ ಅಪಾಯವೂ ಇದೆ. ಗಣರಾಜ್ಯ ಉಳಿಸುತ್ತೇನೆ ಅಂತ ಹೊರಟವನು ಅದರ ಕಾನೂನನ್ನೇ ಮುರಿಯಬಹುದು. ಕ್ರಿ.ಪೂ. 63ರಲ್ಲಿ ಕಾನ್ಸಲ್ ಆಗಿದ್ದಾಗ ಸಿಸೆರೊ ಪಿತೂರಿಗಾರರಾದ ರೋಮನ್ ನಾಗರಿಕರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ. ಅದಕ್ಕಾಗಿ ಮುಂದೆ ಗಡೀಪಾರೂ ಆದ.

ನಾಲ್ಕನೆಯದು ಕೆಟ್ಟ ವ್ಯವಸ್ಥೆಯ ಒಳಗೇ ಇದ್ದು ಮಾಡುವ ಅಸಹಕಾರ. ಕ್ರಿ.ಶ. 59ರಲ್ಲಿ ಚಕ್ರವರ್ತಿ ನೀರೊ ತನ್ನ ತಾಯಿಯನ್ನು ಕೊಲ್ಲಿಸಿದ. ಅದನ್ನು ಮೆಚ್ಚಿ ಸೆನೆಟ್ ನಿರ್ಣಯಗಳನ್ನು ಮಾಡುತ್ತಿದ್ದಾಗ ಥ್ರೇಸಿಯಾ ಎಂಬ ಸದಸ್ಯ ಎದ್ದು ಹೊರನಡೆದ. ಇದರಿಂದ ತನಗೆ ಅಪಾಯ ತಂದುಕೊಂಡನೇ ಹೊರತು ಬೇರೆಯವರಿಗೆ ಸ್ವಾತಂತ್ರ್ಯದ ದಾರಿ ತೆರೆಯಲಿಲ್ಲ ಎನ್ನುತ್ತಾನೆ ಇತಿಹಾಸಕಾರ ಟ್ಯಾಸಿಟಸ್. ಆದರೆ ಅದೇ ಟ್ಯಾಸಿಟಸ್ ಇನ್ನೊಂದು ಸಂದರ್ಭ ಹೇಳುತ್ತಾನೆ. 62ರಲ್ಲಿ, ನೀರೊ ವಿರುದ್ಧ ಪದ್ಯ ಓದಿದ ಅಧಿಕಾರಿಯೊಬ್ಬನಿಗೆ ಮರಣದಂಡನೆ ಕೊಡಬೇಕು ಅಂತ ಸೆನೆಟ್‌ನಲ್ಲಿ ಸೂಚನೆ ಬಂತು. ಥ್ರೇಸಿಯಾ ಎದ್ದು ನಿಂತು ಗಡೀಪಾರು ಸಾಕು ಎಂದ. ಹೆಚ್ಚಿನವರು ಅವನ ಕಡೆ ಬಂದರು, ಒಂದು ಜೀವ ಉಳಿಯಿತು. ಆಮೇಲೆ ಅವನು ಸೆನೆಟ್‌ಗೆ ಬರುವುದನ್ನೇ ಬಿಟ್ಟ. ಬಾರದಿರುವುದನ್ನೇ ಅಪರಾಧವೆಂದು ತೋರಿಸಿ 66ರಲ್ಲಿ ಅವನಿಗೆ ಸಾವಿನ ಶಿಕ್ಷೆ ಕೊಟ್ಟರು. ಎದ್ದು ಹೋದದ್ದು ಸರಿಯೋ, ಕೂತು ಮಾತಾಡಿದ್ದು ಸರಿಯೋ? ನನಗೆ ಕೂತು ಮಾತಾಡಿದ ದಿನದ ಥ್ರೇಸಿಯಾನೇ ದೊಡ್ಡವನು ಅನ್ನಿಸುತ್ತದೆ. ನಿಮ್ಮ ಮಕ್ಕಳಿಗೆ ಬೇರೆ ಅನ್ನಿಸಿದರೆ ಅವರ ವಾದ ಕೇಳಿ.

ಪಾಠ ಹೇಗೆ ಮಾಡಲಿ ಅಂದಿರಿ. ವೀರಗತೆಯಾಗಿ ಮಾತ್ರ ಹೇಳಿದರೆ ಬುದ್ಧಿವಂತ ಮಗು ಗುಲಾಮರ ವಿಷಯ ತಿಳಿದ ದಿನ ಪೂರ್ತಿ ಕತೆಯನ್ನೇ ಎಸೆಯುತ್ತದೆ. ಬರೀ ಬೂಟಾಟಿಕೆ ಅಂತ ಹೇಳಿದರೆ ಲೆಕ್ಕ ಒಪ್ಪಿಸುವ ಪದ್ಧತಿಯಂಥ ಒಳ್ಳೆಯದೂ ಕೈಬಿಟ್ಟುಹೋಗುತ್ತದೆ. ಹಾಗಾಗಿ ನಾನಾದರೆ ಮೊದಲು ಕೆಂಪು ಹಗ್ಗ, ಬೀಗದ ಕೈ, ವಿಚಾರಣೆಯ ಪ್ರಶ್ನೆಗಳನ್ನು ಹೇಳುತ್ತೇನೆ. ಪೆರಿಕ್ಲಿಸ್‌ನ ಭಾಷಣ, ಸಿನ್ಸಿನಾಟಸ್‌ನ ನೇಗಿಲು ಆಮೇಲೆ. ಬೇಕಾದರೆ ಒಂದು ತಿಂಗಳು ತರಗತಿಯ ಮುಖಂಡರನ್ನು ದಿನಕ್ಕೊಬ್ಬರಂತೆ ಚೀಟಿ ಎತ್ತಿ ಆರಿಸಿ, ಕೊನೆಗೆ ಎಲ್ಲರಿಂದಲೂ ಲೆಕ್ಕ ಒಪ್ಪಿಸಿಕೊಳ್ಳಿ. ಮೊದಲು ಗಲಾಟೆಯಾಗುತ್ತದೆ. ಮಾತು ಕಮ್ಮಿ ಇರುವ ಮಕ್ಕಳಿಗೆ ಸರದಿ ಬಂದ ದಿನ ನೀವು ಹತ್ತಿರ ಇರಬೇಕಾಗುತ್ತದೆ.

ಇನ್ನೊಂದು ಸಲಹೆ. ಈಸ್ಕಿಲಸ್‌ನ ಗ್ರೀಕ್ ನಾಟಕ ಬಿ.ಎಂ.ಶ್ರೀ ಅವರ 'ಪಾರಸಿಕರು' ಆಗಿ ಕನ್ನಡದಲ್ಲೇ ಇದೆ. ಕ್ರಿ.ಪೂ. 472ರಲ್ಲಿ ಅದು ಅಥೆನ್ಸಿನಲ್ಲಿ ಮೊದಲು ಆಡಿದಾಗ ಮೇಳದ ಖರ್ಚು ಹೊತ್ತವನು ಆಗಿನ್ನೂ ಯುವಕನಾಗಿದ್ದ ಪೆರಿಕ್ಲಿಸ್. ಸಿರಿವಂತರು ಊರಿಗಾಗಿ ಮಾಡಬೇಕಿದ್ದ ಕಡ್ಡಾಯ ಸೇವೆಗಳಲ್ಲಿ ಅದೂ ಒಂದು. ನಾಟಕದಲ್ಲಿ ಪರ್ಷಿಯಾದ ರಾಜಮಾತೆ, ಆ ಅಥೆನ್ಸಿನವರಿಗೆ ಒಡೆಯ ಯಾರು ಅಂತ ಕೇಳುತ್ತಾಳೆ. ಅವರು ಯಾರ ಆಳೂ ಅಲ್ಲ, ಯಾರ ಅಡಿಯಾಳೂ ಅಲ್ಲ ಅಂತ ಉತ್ತರ ಬರುತ್ತದೆ. ಆ ಭಾಗವನ್ನು ತರಗತಿಯಲ್ಲಿ ಜೋರಾಗಿ ಓದಿಸಿ. ಆಮೇಲೆ ಆ ಮಾತು ಅಥೆನ್ಸಿನಲ್ಲಿ ಯಾರ್ಯಾರಿಗೆ ನಿಜವಾಗಿತ್ತು, ಯಾರಿಗೆ ಆಗಿರಲಿಲ್ಲ ಅಂತ ಮಕ್ಕಳಿಂದಲೇ ಕಪ್ಪುಹಲಗೆಯ ಮೇಲೆ ಪಟ್ಟಿ ಬರೆಸಿ.